ನಿನ್ನ ಲಗ್ನದ ರೈ ಬಿಯರಿಗೆ

ಕಲಬುರಗಿ
ಮಾರ್ಚ್ ಎರಡನೇ ವಾರ

ದೋಸ್ತ,

ನಿನ್ನ ಫೋನ್ ಬಂದಾಗ ನಾನು ಗಿರಣಿ ಮುಂದೆ ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಕಾಯುತ್ತಿದ್ದೆ. ಆ ಸಪ್ಪಳದಲ್ಲಿ ನೀನು ಹೇಳಿದ್ದು ಅರ್ಧ ಕೇಳಲೇ ಇಲ್ಲ. "ಲಗ್ನ ಕೂಡಿ ಬಂದದ" ಅಂದದ್ದು ಮಾತ್ರ ಸ್ಪಷ್ಟ ಕೇಳಿತು, ಅಷ್ಟು ಸಾಕಾಯಿತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟು, ಎದ್ದು ಹೋಗಿ ದೇವರ ಮುಂದೆ ಸಕ್ಕರೆ ಇಟ್ಟಳು.

ರಾತ್ರಿ ಮತ್ತೆ ಮಾತಾಡಿದಾಗ ಉಳಿದ ಸುದ್ದಿ ತಿಳಿಯಿತು. ಮೇ ತಿಂಗಳಲ್ಲಿ ಶಹಾಪುರದಲ್ಲಿ ಅಕ್ಷತೆ. ಜೂನ್ ಕೊನೆಗೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ, ನಿನ್ನ ಮನೆಯ ಹಿತ್ತಲಲ್ಲಿ, ಅಲ್ಲಿನ ಗೆಳೆಯರಿಗೆ ಊಟ. ಆ ಊಟಕ್ಕೆ ನಾವಿಬ್ಬರೂ ಕೂಡಿ ಮಾಡುತ್ತಿದ್ದ, ಗೋಧಿ ಜಾತಿಯ ರೈ ಕಾಳಿನ ಪೇಲ್ ಏಲ್ ಬಿಯರು ಇರಬೇಕು ಅಂತ ನಿನ್ನ ಆಸೆ. "ನೋಟ್‌ಬುಕ್ ನಿನ್ನ ಬಲ್ಲಿ ಅದಲ್ಲ, ಅಳತಿ ಫೋಟೋ ಹೊಡದು ಕಳಸು" ಅಂದೆ.

ಫೋಟೋ ಕಳಿಸಬಹುದಿತ್ತು. ಆದರೆ ಆ ಪುಟಗಳಲ್ಲಿ ಇರುವುದು ಗ್ರಾಂ, ಲೀಟರ್, ಡಿಗ್ರಿ. ನಮ್ಮ ಕೈಯಲ್ಲಿ ಎರಡು ಬ್ಯಾಚು ಕೆಟ್ಟವು, ಎರಡೂ ಅವಸರಕ್ಕೆ ಕೆಟ್ಟವು. ಅದನ್ನು ನಾವು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಲಗ್ನದ ಗಡಿಬಿಡಿಯಲ್ಲಿ ನೀನು ಮೂರನೆಯದನ್ನು ಕೆಡಿಸಿಕೊಳ್ಳಬಾರದು ಅಂತ ಕೂತು ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದು ನಿನಗೆ ನೆನಪಿದ್ದೇ ಇರುತ್ತದೆ. ಹೊರಗೆ ಹಿಮ, ಒಳಗೆ ನಾವು. ರೈ ಜಾಸ್ತಿ ಇದ್ದಷ್ಟೂ ರುಚಿ ಜಾಸ್ತಿ ಅಂತ ಒಟ್ಟು ಕಾಳಿನಲ್ಲಿ ನೂರಕ್ಕೆ 40 ಭಾಗ ರೈ ಹಾಕಿದೆವು, ಹೊಟ್ಟು ಬೆರೆಸಲಿಲ್ಲ. ಕಾಳು ನೆನೆಸಿದ ಡಬ್ಬಿಯ ನಲ್ಲಿ ತಿರುವಿದರೆ ಒಂದು ಲೋಟ ರಸ ಬಂತು, ಆಮೇಲೆ ಹನಿ ಹನಿ, ಆಮೇಲೆ ಅದೂ ಇಲ್ಲ. ನೀನು ಸೌಟಿನಿಂದ ಒತ್ತಿದೆ, ನಾನು ಮೇಲಿಂದ ಬಿಸಿನೀರು ಸುರಿದೆ. ಒತ್ತಿದಷ್ಟೂ ಕಾಳು ಅಡಿಗೆ ಇಟ್ಟಂಗಿಯ ಹಾಗೆ ಕಚ್ಚಿಕೊಂಡಿತು. ರಾತ್ರಿ ಎರಡು ಗಂಟೆಗೆ ನೀನು ಪೆಟ್ಟಿಗೆ ತೆಗೆದು, ದೀಪಾವಳಿಗೆ ಉಡಲಿ ಅಂತ ನಿಮ್ಮವ್ವ ಕಳಿಸಿದ್ದ ಹೊಸ ಧೋತರ ಹೊರತೆಗೆದೆ. ಅದರಲ್ಲಿ ಆ ಗಂಜಿಯನ್ನು ಸುರಿದು, ಚಕ್ಕಾ ಕಟ್ಟಿದ ಹಾಗೆ ನಾಲ್ಕು ಮೂಲೆ ಹಿಡಿದು ಹಿಂಡಿದೆವು. ಕಂದು ರಸ ಮೊಣಕೈ ತನಕ ಇಳಿಯಿತು. ಆ ಬಿಯರು ಬಾಯಿಗೆ ಒಗರಾಗಿತ್ತು. ಧೋತರದ ಕಲೆ ಕೊನೆಗೂ ಹೋಗಲಿಲ್ಲ.

ಆಗ ಯಾಕೆ ಹಾಗಾಯಿತು ಅಂತ ನಾವು ಪುಸ್ತಕ ಹುಡುಕಿ ಓದಿದೆವು. ನನಗೆ ಅದು ಖರೇ ತಿಳಿದದ್ದು ಮಾತ್ರ ಇಲ್ಲಿಗೆ ಬಂದ ಮೇಲೆ, ಅವ್ವ ರೊಟ್ಟಿ ಬಡಿಯುವುದನ್ನು ದಿನಾ ನೋಡುತ್ತಾ. ಹೊಸ ಹಿಟ್ಟು ಬಂದ ಕೂಡಲೇ ಅವಳು ಒಂದು ಹಿಡಿ ಪರಾತಕ್ಕೆ ಹಾಕಿ, ನಡುವೆ ಕುಳಿ ಮಾಡಿ, ಕುದಿಯುವ ಎಸರು ಸುರಿಯುತ್ತಾಳೆ. ಅಂಗೈ ಬುಡದಿಂದ ನಾದಿ, ಉಂಡೆ ಮಾಡಿ, ಎರಡು ಬೆರಳಲ್ಲಿ ಅಂಚು ಒತ್ತಿ ನೋಡುತ್ತಾಳೆ. ಅಂಚು ಸೀಳದಿದ್ದರೆ "ಜಿಗಿ ಅದ" ಅನ್ನುತ್ತಾಳೆ. ಸೀಳಿದರೆ ಆ ಹಿಟ್ಟು ಅಂಬಲಿಗೆ. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಆ ಜಿಗಿಯನ್ನು ಬಿಸಿನೀರೇ ಎಬ್ಬಿಸಬೇಕು.

ರೈ ಕಾಳಿನದು ಇದಕ್ಕೆ ಪೂರಾ ಉಲ್ಟಾ. ಅದರಲ್ಲಿ ಜಿಗಿ ಬೇಕಾದ್ದಕ್ಕಿಂತ ಹೆಚ್ಚು. ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ಬೀಟಾ-ಗ್ಲೂಕನ್, ಅರಾಬಿನೊಕ್ಸೈಲನ್ ಅನ್ನುವ ನಾರುಗಳು ನೀರು ಕುಡಿದು ಲೋಳೆಯಾಗುತ್ತವೆ. ಬಾರ್ಲಿಗೆ ಮೈಮೇಲೆ ಹೊಟ್ಟು ಇರುತ್ತದೆ, ಅದೇ ಜರಡಿಯಾಗಿ ರಸ ಇಳಿಯುತ್ತದೆ. ರೈಗೆ ಹೊಟ್ಟೂ ಇಲ್ಲ. ಲೋಳೆ ಇದೆ, ಜರಡಿ ಇಲ್ಲ, ಮೇಲಿಂದ ನಮ್ಮ ಸೌಟು. ಇನ್ನೇನಾಗಬೇಕು? ಆದರೆ ಬಾಯಲ್ಲಿ ಬಿಯರು ರೇಷ್ಮೆಯ ಹಾಗೆ ನುಣ್ಣಗೆ ಜಾರುವುದಕ್ಕೂ ಆ ಲೋಳೆಯೇ ಕಾರಣ. ಅದನ್ನು ಪೂರ್ತಿ ತೆಗೆಯಬಾರದು, ಹದಕ್ಕೆ ತರಬೇಕು.

ಅವ್ವನಿಗೆ ಇದನ್ನೆಲ್ಲ ಹೇಳುವಾಗ ಒಂದು ಗೊಂದಲವಾಯಿತು. ನಮ್ಮ ಓಣಿಯಲ್ಲಿ ಸಾಸಿವೆಗೆ ರಾಯಿ ಅನ್ನುವವರು ಇದ್ದಾರಲ್ಲ, ಅವಳು ಹತ್ತು ನಿಮಿಷ ಸಾಸಿವೆಯೆಂದೇ ತಿಳಿದು ಕೇಳಿದಳು. ಗೋಧಿಯ ಅಣ್ಣತಮ್ಮ, ಗೋಧಿಗಿಂತ ಸಣಕಲು, ಬೂದು ಹಸಿರು ಬಣ್ಣ ಅಂತ ಬಿಡಿಸಿ ಹೇಳಿದೆ. ಮಿನ್ನೆಸೋಟದಲ್ಲಿ ಸೆಪ್ಟೆಂಬರಿನಲ್ಲಿ ಬಿತ್ತುತ್ತಾರೆ, ಚಳಿಗಾಲವೆಲ್ಲ ಹಿಮದಡಿ ಇದ್ದು ಬೇಸಿಗೆಗೆ ತೆನೆ ಕೊಡುತ್ತದೆ ಅಂದಾಗ ಅವಳ ಮುಖ ಅರಳಿತು. "ಹಂಗಾದ್ರ ನಮ್ಮ ಹಿಂಗಾರಿ ಜ್ವಾಳದಂಗ" ಅಂದಳು. ಹೌದು. ನಮ್ಮ ಮಾಲದಂಡಿ ಜೋಳವೂ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕರಿನೆಲಕ್ಕೆ ಬಿದ್ದು, ಮಳೆ ಹೋದ ಮೇಲೆ ನೆಲದೊಳಗಿನ ಹಸಿ ಮೇಲೆಯೇ ಬೆಳೆಯುತ್ತದೆ. ಎರಡೂ ಚಳಿಯ ಕಾಳುಗಳು, ಎರಡೂ ಮೊದಲು ರೊಟ್ಟಿಯ ಕಾಳುಗಳು. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಕಹಿ-ಪರಿಮಳ ಕೊಡುವ ಹಾಪ್ಸ್ ಹೂವು, ನೀರು ಇಷ್ಟೇ ಅಂತ ಕಟ್ಟಳೆ ಮಾಡಿದಾಗ, ಗೋಧಿ, ರೈ ರೊಟ್ಟಿಯವರಿಗೆ ಉಳಿಯಲಿ ಅನ್ನುವುದೂ ಒಂದು ಕಾರಣ ಅಂತ ಹೇಳುತ್ತಾರೆ. ನನಗೆ ಆ ಮಾತು ಭಾಳ ಸೇರುತ್ತದೆ.

ಈಗ ಅಳತೆ. ಇದು 20 ಲೀಟರಿಗೆ. ಬಿಳಿ ಬಾರ್ಲಿ ಮಾಲ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು) 3.8 ಕಿಲೋ, ರೈ ಮಾಲ್ಟ್ 900 ಗ್ರಾಂ, ಕ್ಯಾರಮೆಲ್ ಮಾಲ್ಟ್ 250 ಗ್ರಾಂ. ರೈ ನೂರಕ್ಕೆ 18 ಭಾಗ ಆಯಿತು. ಅದಕ್ಕಿಂತ ಮೇಲೆ ಹೋಗಬೇಡ, ಇಷ್ಟರಲ್ಲೇ ಆ ಮಸಾಲೆಯಂಥ ಒಣ ಘಾಟು ಸರಿಯಾಗಿ ಬರುತ್ತದೆ. ಜೊತೆಗೆ ಭತ್ತದ ಹೊಟ್ಟು 250 ಗ್ರಾಂ. ಅಂಗಡಿಯಲ್ಲಿ ಸಣ್ಣ ಚೀಲದಲ್ಲಿ ಸಿಗುತ್ತದೆ. ನಿಮ್ಮೂರ ಕಡೆ ಕಾಲುವೆ ನೀರು ಬಂದ ಮೇಲೆ ಭತ್ತವೇ ಭತ್ತ, ರೈಸ್ ಮಿಲ್ಲಿನ ಹಿಂದೆ ಹೊಟ್ಟಿನ ಗುಡ್ಡ ಬಿದ್ದಿರುತ್ತದೆ. ಸಣ್ಣವನಿದ್ದಾಗ ಅದರ ಮೇಲಿಂದ ಜಾರುತ್ತಿದ್ದೆ ಅಂತ ಹೇಳಿದ್ದೆಯಲ್ಲ, ಅದೇ ಹೊಟ್ಟು. ಅದನ್ನು ತೊಳೆದು, ನೆನೆಸಿ ಬೆರೆಸು, ಒಣದು ಹಾಕಿದರೆ ನಿನ್ನ ರಸ ಕುಡಿಯುತ್ತದೆ.

ಒಡೆಸುವಾಗ ರೈಯನ್ನು ಬೇರೆ ಒಡೆಸು. ಕಾಳು ಸಣ್ಣದು, ಗಟ್ಟಿ. ಗಿರಣಿಯನ್ನು ಬಾರ್ಲಿಯ ಅಂತರದಲ್ಲೇ ಬಿಟ್ಟರೆ ಅರ್ಧ ಕಾಳು ಇಡಿಯಾಗಿ ಪಾರಾಗುತ್ತವೆ. ನುಚ್ಚಿನ ಹಾಗೆ ಎರಡು ಮೂರು ಹೋಳಾಗಲಿ, ಹಿಟ್ಟಾಗುವುದು ಬೇಡ.

ಈ ಸಲ ನಲ್ಲಿಯ ಡಬ್ಬಿ ಬೇಡ. ದೊಡ್ಡ ಪಾತ್ರೆಯೊಳಗೆ ಬಟ್ಟೆಯ ಚೀಲ ಹಾಕಿ ಅದರಲ್ಲೇ ಕಾಳು ನೆನೆಸು. ರೈಗೆ ಅದೇ ಸುಲಭ, ಕಟ್ಟಿಕೊಂಡರೆ ಚೀಲ ಎತ್ತಿ ಸೋರಲು ಬಿಟ್ಟರಾಯಿತು. ಮೊದಲು 10 ಲೀಟರ್ ನೀರು 48 ಡಿಗ್ರಿಗೆ ಕಾಯಿಸಿ ಕಾಳು ಸುರಿ. ಬೆರೆಸಿದ ಮೇಲೆ 43ರ ಆಸುಪಾಸು ನಿಲ್ಲುತ್ತದೆ. ಮುಚ್ಚಳ ಮುಚ್ಚಿ 20 ನಿಮಿಷ ಕೈ ಹಚ್ಚದೆ ಬಿಡು. ಆ ಬೆಚ್ಚಗಿನಲ್ಲಿ ಮಾಲ್ಟಿನೊಳಗಿನ ಕಿಣ್ವ ಎದ್ದು ಬೀಟಾ-ಗ್ಲೂಕನ್ನನ್ನು ಕತ್ತರಿಸುತ್ತದೆ. ನಾವು ಮೊದಲ ಸಲ ಬಿಟ್ಟದ್ದು ಈ 20 ನಿಮಿಷವನ್ನೇ. ಚಮಚೆಯಲ್ಲಿ ಎತ್ತಿ ನೋಡು, ಮೊದಲು ಎಳೆ ಎಳೆಯಾಗಿ ಜೋತಾಡುತ್ತಿದ್ದ ರಸ ಆಮೇಲೆ ಹನಿಯಾಗಿ ಕಡಿದು ಬೀಳುತ್ತದೆ. ಆಮೇಲೆ 8-9 ಲೀಟರ್ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಬೆರೆಸುತ್ತಾ 66 ಡಿಗ್ರಿಗೆ ತಂದು ನಿಲ್ಲಿಸು. ರೊಟ್ಟಿಗೆ ಎಸರು ಹಾಕುವ ಕೈ ಹೇಗೆ ಹಿಟ್ಟು ನೋಡಿ ನಿಲ್ಲುತ್ತದೋ ಹಾಗೆ, ಥರ್ಮಾಮೀಟರ್ ನೋಡುತ್ತಾ. ಒಂದು ತಾಸು ಅಲ್ಲೇ ಇರಲಿ. ಹಿಟ್ಟೆಲ್ಲ ಸಕ್ಕರೆಯಾಗುತ್ತದೆ, ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ.

ಚೀಲ ಎತ್ತಿ ಸೋರಲು ಬಿಡು, ಇನ್ನೊಂದು ಪಾತ್ರೆಯಲ್ಲಿ 75 ಡಿಗ್ರಿಯ 10 ಲೀಟರ್ ನೀರಿನಲ್ಲಿ ಅದ್ದಿ ತೊಳೆ, ಎರಡೂ ರಸ ಕೂಡಿಸು. ಒಂದು ತಾಸು ಕುದಿಸು. ರೈ ರಸಕ್ಕೆ ನೊರೆ ಜಾಸ್ತಿ, ಮೊದಲ ಹತ್ತು ನಿಮಿಷ ಹಾಲು ಕಾಯುವ ಹಾಗೆ ಒಲೆ ಬಿಟ್ಟು ಹೋಗಬೇಡ. ಕುದಿ ಹತ್ತಿದ ಕೂಡಲೇ ಕೊಲಂಬಸ್ ಹಾಪ್ಸ್ 15 ಗ್ರಾಂ, ಇಳಿಸುವುದಕ್ಕೆ 15 ನಿಮಿಷ ಮೊದಲು ಕ್ಯಾಸ್ಕೇಡ್ 20 ಗ್ರಾಂ, ಇಳಿಸುವಾಗ ಕ್ಯಾಸ್ಕೇಡ್ 30 ಗ್ರಾಂ. ಈಗ ಹೊಸ ಹೊಸ ತಳಿಯ ಹಾಪ್ಸ್ ಬಂದಿವೆ, ಮಾವಿನಹಣ್ಣಿನ ವಾಸನೆಯವು ಕೂಡ. ಬೇಡ. 1972ರಲ್ಲಿ ಒರೆಗಾನ್‌ನಿಂದ ಹೊರಬಂದ ಕ್ಯಾಸ್ಕೇಡ್‌ನ ಚಕ್ಕೋತ ಸಿಪ್ಪೆಯಂಥ ಪರಿಮಳ ರೈ ಘಾಟಿನ ಜೊತೆ ಕೂಡುವ ಹಾಗೆ ಬೇರೆ ಯಾವುದೂ ಕೂಡುವುದಿಲ್ಲ.

ನಲ್ಲಿ ನೀರು ಹರಿಯುವ ತಾಮ್ರದ ಸುರುಳಿ ಕೊಳವೆಯನ್ನು ರಸದಲ್ಲಿ ಇಳಿಸಿ 18 ಡಿಗ್ರಿಗೆ ತಣಿಸು. ಏಪ್ರಿಲಿನಲ್ಲಿ ನಿಮ್ಮಲ್ಲಿ ನಲ್ಲಿ ನೀರು ಕೈ ಜೋಮು ಹಿಡಿಸುವಷ್ಟು ತಣ್ಣಗಿರುತ್ತದೆ. ಇಲ್ಲಿ ಆಗ ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಲಿಕ್ಕಾಗುವುದಿಲ್ಲ. ಕುದಿ ಮುಗಿದ ಮೇಲೆ ರಸಕ್ಕೆ ತಾಗುವ ಪ್ರತಿಯೊಂದನ್ನೂ, ಚಮಚೆ, ಕೊಳವೆ, ನಿನ್ನ ಕೈ ಕೂಡ, ಸ್ಯಾನಿಟೈಸರಿನಲ್ಲಿ ಅದ್ದು. ಅಮೆರಿಕನ್ ಏಲ್ ಒಣ ಯೀಸ್ಟ್ ಒಂದು ಪಾಕೀಟು ಸಾಕು. 18-19 ಡಿಗ್ರಿಯಲ್ಲಿ, ಕತ್ತಲಲ್ಲಿ, ಎರಡು ವಾರ. ಹತ್ತನೇ ದಿನ ಕ್ಯಾಸ್ಕೇಡ್ 40 ಗ್ರಾಂ ಒಳಗೆ ಹಾಕಿ ನಾಲ್ಕು ದಿನ ಬಿಡು.

ಈಗ ಎರಡನೆಯ ತಪ್ಪಿನ ಮಾತು. ನಿನ್ನ ಹುಟ್ಟುಹಬ್ಬಕ್ಕೆ ಸಿಗಲಿ ಅಂತ ಎಂಟನೇ ದಿನಕ್ಕೇ ಬಾಟಲಿಗೆ ತುಂಬಿಸಿದವನು ನಾನು. ನೀನು ಬೇಡ ಅಂದಿದ್ದೆ. ರಸದ ಸಾಂದ್ರತೆ ಅಳೆದು ಸಕ್ಕರೆ ಎಷ್ಟು ಉಳಿದಿದೆ ಅಂತ ತಿಳಿಸುವ ಹೈಡ್ರೋಮೀಟರ್ 1.018 ತೋರಿಸುತ್ತಿತ್ತು, ಸಾಕು ಅಂದುಕೊಂಡೆ. ಒಳಗೆ ಸಕ್ಕರೆ ಇನ್ನೂ ಇತ್ತು, ಯೀಸ್ಟ್ ಇನ್ನೂ ಎಚ್ಚರವಿತ್ತು, ಅದರ ಮೇಲೆ ನಾವು ಬೇರೆ ಸಕ್ಕರೆ ಹಾಕಿದೆವು. ಐದನೇ ರಾತ್ರಿ ಕಪಾಟಿನೊಳಗೆ ಒಂದಾದ ಮೇಲೊಂದು ಬಾಟಲಿ ಸಿಡಿದವು. ಬೆಳಿಗ್ಗೆ ನೋಡಿದರೆ ಕಪಾಟಿನ ಬಾಗಿಲ ಒಳಮೈಗೆ ಗಾಜಿನ ಚೂರು ನೆಟ್ಟಿದ್ದವು. ಬಾಗಿಲು ಹಾಕಿರದಿದ್ದರೆ ಏನಾಗುತ್ತಿತ್ತೋ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ನಿನ್ನ ಹಿತ್ತಲಲ್ಲಿ ಅವತ್ತು ಮಕ್ಕಳು ಓಡಾಡುತ್ತಿರುತ್ತಾರೆ.

ಅದಕ್ಕೆ ದಿನ ಎಣಿಸಬೇಡ, ಹೈಡ್ರೋಮೀಟರ್ ನೋಡು. ಮೊದಲ ದಿನ 1.052 ಇರುತ್ತದೆ. 1.012ರ ಹತ್ತಿರ ಬಂದ ಮೇಲೆ ಮೂರು ದಿನ ಬಿಟ್ಟು ಮತ್ತೆ ನೋಡು. ಎರಡು ಸಲವೂ ಒಂದೇ ಅಂಕಿ ಬಂದರೆ ಕೆಲಸ ಮುಗಿದಿದೆ, ಶೇಕಡ 5.2ರಷ್ಟು ಆಲ್ಕೋಹಾಲ್ ಇರುತ್ತದೆ. ಬಾಟಲಿಗೆ ತುಂಬುವ ಮೊದಲು ಒಟ್ಟು ಬಿಯರಿಗೆ 110 ಗ್ರಾಂ ಸಕ್ಕರೆ, ಒಂದು ಲೋಟ ನೀರಿನಲ್ಲಿ ಕುದಿಸಿ ತಣಿಸಿದ್ದು. ತಕ್ಕಡಿಯಲ್ಲಿ ತೂಗು, ಅಂದಾಜು ಬೇಡ. ಬಾಟಲಿಗಳನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿ 20-21 ಡಿಗ್ರಿಯಲ್ಲಿ ಎರಡು ವಾರ ಇಡು, ಆಮೇಲೆ ಫ್ರಿಜ್ಜಿಗೆ.

ಎರಡು ಬ್ಯಾಚು ಮಾಡು. ಏಪ್ರಿಲ್ ಮೊದಲ ಶನಿವಾರ ಒಂದು, ಮುಂದಿನ ಶನಿವಾರ ಇನ್ನೊಂದು. 100ರ ಮೇಲೆ ಬಾಟಲಿ ಆಗುತ್ತವೆ. ತಿಂಗಳ ಕೊನೆಗೆ ಎರಡೂ ಬಾಟಲಿ ಸೇರಿರಬೇಕು, ಇಲ್ಲದಿದ್ದರೆ ವಿಮಾನ ಹತ್ತುವ ಹಿಂದಿನ ರಾತ್ರಿ ನೀನು ನನ್ನ ಹಾಗೆ ಲೆಕ್ಕ ತಪ್ಪುತ್ತೀ. ನೀನು ಶಹಾಪುರದಲ್ಲಿ ಅರಿಶಿನ ಹಚ್ಚಿಸಿಕೊಳ್ಳುವಾಗ ಅವು ನೆಲಮಾಳಿಗೆಯಲ್ಲಿ ತಮ್ಮಷ್ಟಕ್ಕೆ ಹದವಾಗುತ್ತಿರುತ್ತವೆ. ಇನ್ನೂ ಮೊದಲು ಮಾಡುವುದೂ ಬೇಡ, ಹಾಪ್ಸ್ ಪರಿಮಳ ತಿಂಗಳು ಕಳೆದಂತೆ ಮಾಸುತ್ತದೆ.

ನಿನ್ನ ಇನ್ನೊಂದು ಪ್ರಶ್ನೆ, ಇದನ್ನೆಲ್ಲ ಮನೆಯಲ್ಲಿ ಮಾಡಿ ಬಡಿಸಲು ಅಡ್ಡಿ ಇಲ್ಲವಾ ಅಂತ. ಅಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಬಳಕೆಗೆ ಬಿಯರು ಮಾಡಿಕೊಳ್ಳಬಹುದು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200. ಜೂನಿನಲ್ಲಿ ನಿನ್ನ ಮನೆಯ ಲೆಕ್ಕವೂ 200 ಆಗುತ್ತದೆ, ಅದನ್ನು ಓದಿ ನನಗೆ ಭಾಳ ಸಂತೋಷವಾಯಿತು. ಮಾರುವ ಹಾಗಿಲ್ಲ, ನೀನು ಮಾರುವುದೂ ಇಲ್ಲ. ಹಿತ್ತಲು ಬಿಟ್ಟು ಹಾಲ್ ಹಿಡಿಯುವುದಾದರೆ ಮಾತ್ರ ಹೊರಗಿನದು ತರಬಹುದಾ ಅಂತ ಮೊದಲೇ ಕೇಳು. ಬಾಟಲಿ ಮೇಲೆ ಚೀಟಿ ಅಂಟಿಸು, ಬಾರ್ಲಿ ಇದೆ, ರೈ ಇದೆ, ಆಲ್ಕೋಹಾಲ್ ಇಷ್ಟು ಅಂತ. ಗ್ಲುಟನ್ ಆಗದವರಿಗೆ ರೈಯೂ ಆಗುವುದಿಲ್ಲ. ಕುಡಿದವರು ಕಾರು ಓಡಿಸದ ಹಾಗೆ ಯಾರು ಯಾರನ್ನು ಬಿಡಬೇಕು ಅಂತ ಹಿಂದಿನ ದಿನವೇ ಗೊತ್ತು ಮಾಡು.

ಇಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವ ಹಾಗಿಲ್ಲ. ಆರು ವರ್ಷವಾಯಿತು ನಾನು ಕಾಳು ನೆನೆಸಿ. ಹೈಡ್ರೋಮೀಟರ್ ಕಪಾಟಿನಲ್ಲಿ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ, ಈ ತಿಂಗಳ ಕೊನೆಗೆ ನಮ್ಮ ಕಾಕಾನ ಮಗ ಅಲ್ಲಿಗೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಅದು ನಿನ್ನ ಲಗ್ನಕ್ಕೆ ಉಪಯೋಗವಾಗಲಿ.

ಹುಳಿ ಬರಿಸುವ ಚಟ ಮಾತ್ರ ನನಗೆ ಹೋಗಿಲ್ಲ, ಅಂಬಲಿ ಮಾಡುತ್ತೇನೆ. ಇದನ್ನು ನೀನೂ ಮಾಡಲೇಬೇಕು. ಕುಡಿಯದವರ ಕೈಗೆ ಕೋಲಾ ಡಬ್ಬಿ ಕೊಟ್ಟು ಮೂಲೆಗೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೂ ನಿನ್ನ ಕೈಯಿಂದ ಮಾಡಿದ್ದೇ ಸಿಗಲಿ. ಜೋಳದ ಹಿಟ್ಟು ಅಲ್ಲಿನ ನಮ್ಮವರ ಅಂಗಡಿಯಲ್ಲಿ ಸಿಗುತ್ತದೆ. ಒಂದು ಬಟ್ಟಲು ಹಿಟ್ಟು ನೀರಿನಲ್ಲಿ ಕಲಸಿ ಬೆಚ್ಚಗಿನ ಕಡೆ ರಾತ್ರಿಯಿಡೀ ಬಿಡು, ಬೆಳಿಗ್ಗೆ ಹುಳಿ ವಾಸನೆ ಬಂದಿರುತ್ತದೆ. ಕುದಿಯುವ ನೀರಿಗೆ ಗಂಟಾಗದ ಹಾಗೆ ಬಿಟ್ಟು ಬೇಯಿಸು, ಪೂರ್ತಿ ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ. ಮಡಕೆಯಲ್ಲಿ ಇಟ್ಟರೆ ಇನ್ನೂ ಛಲೋ. ಜೊತೆಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಬಿಯರಿನವರೂ ಅಂಬಲಿಯವರೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ರೊಟ್ಟಿಯ ಚಿಂತೆ ಬಿಡು, ನೀನು ವಾಪಸು ಹೋಗುವಾಗ ಅವ್ವ ಬಡಿದು ಒಣಗಿಸಿ ಕಟ್ಟಿ ಕೊಡುತ್ತಾಳೆ.

ಕುಡಿದು ನೋಡಿದ ಮೇಲೆ ನನಗೆ ಬರೆ. "ಮಸ್ತ್ ಆಗ್ಯದ" ಅಂತ ಒಂದು ಮಾತು ಬರೆದು ಮುಗಿಸಬೇಡ. ನೊರೆ ಎಷ್ಟು ಹೊತ್ತು ನಿಂತಿತು, ರೈ ಘಾಟು ನುಂಗುವಾಗ ಬಂತೋ ನುಂಗಿದ ಮೇಲೆ ಬಂತೋ, ಎರಡು ಬ್ಯಾಚಿನಲ್ಲಿ ಯಾವುದು ನುಣ್ಣಗಿತ್ತು, ಎಲ್ಲ ಬರೆ. ನಾನು ಆ ಊಟಕ್ಕೆ ಬರಲಾಗುವುದಿಲ್ಲ, ಅಪ್ಪನನ್ನು ಬಿಟ್ಟು ಬರುವ ಸ್ಥಿತಿ ಇಲ್ಲ ಅಂತ ನಿನಗೆ ಗೊತ್ತು. ನೀನು ಬರೆದದ್ದರಲ್ಲೇ ನನಗೆ ರುಚಿ ಸಿಗಬೇಕು.

ಇನ್ನೊಂದು ಮಾತು ಭಾಳ ದಿನದಿಂದ ಒಳಗೆ ಕೂತಿದೆ. ಹೋದ ವರ್ಷ ಶಹಾಪುರಕ್ಕೆ ಹೋಗಿದ್ದಾಗ ನಿಮ್ಮವ್ವ ಊಟಕ್ಕೆ ಬಡಿಸುತ್ತಾ ಕೇಳಿದರು, "ಆ ಧೋತರ ಉಟ್ಟಾನೇನಪಾ ಅಂವ?" ನಾನು ಹೂಂ ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ, ಇನ್ನೊಂದು ಹೋಳಿಗೆ ಹಾಕಿದರು. ಆ ಹೋಳಿಗೆ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಜೂನಿನ ಊಟದಲ್ಲಿ ಬಿಯರು ಇರುತ್ತದೆ ಅನ್ನುವುದೂ ಅವರಿಗೆ ಇನ್ನೂ ಗೊತ್ತಿಲ್ಲ ಅಂದೆಯಲ್ಲ. ಬೇರೆ ಯಾರದೋ ಬಾಯಿಂದ, ಇಲ್ಲ ಯಾರದೋ ಫೋನಿನ ಫೋಟೋದಿಂದ ಅವರಿಗೆ ತಿಳಿಯುವುದು ನನಗೆ ಬೇಡ. ಅವರು ಬೈಯಬಹುದು, ಒಂದು ದಿನ ಮಾತು ಬಿಡಬಹುದು. ಬಿಡಲಿ.

ಮೇ ತಿಂಗಳಲ್ಲಿ ಬರುವಾಗ ಆ ಧೋತರ ತಗೊಂಡು ಬಾ, ಕಲೆ ಇದ್ದ ಹಾಗೇ ಇರಲಿ, ಮತ್ತೆ ಒಗೆಯಬೇಡ. ಅರಿಶಿನದ ಹಿಂದಿನ ದಿನ ನಾನು ಶಹಾಪುರಕ್ಕೆ ಬರುತ್ತೇನೆ. ಇಬ್ಬರೂ ಕೂಡಿ ನಿಮ್ಮವ್ವನ ಮುಂದೆ ಕೂತು ಹೇಳೋಣ.

ನಿನ್ನ
ಕಲಬುರಗಿ ದೋಸ್ತ